ಕಾಲುವೆ ದಂಡೆಯ ಕೆಂಪು ಬಾವುಟ

ರಾಯಚೂರಿನ ನಮ್ಮ ಶಾಲೆಯಲ್ಲಿ ವಿಜ್ಞಾನ ಪ್ರದರ್ಶನ ನಡೆದ ವರ್ಷ, ಮೋಜಿಗೆ ವಿಮಾನ ಹಾರಿಸುವವರೊಬ್ಬರನ್ನು ಭಾಷಣಕ್ಕೆ ಕರೆಸಿದ್ದರು. ಎಂಬತ್ತರ ದಶಕ ಅರ್ಧ ಕಳೆದಿತ್ತು. ನಾನು ಆ ಶಾಲೆಯಲ್ಲಿ ಸಮಾಜ ಪಾಠದ ಟೀಚರ್. ಬಂದವರು ಹೈದರಾಬಾದಿನ ಕಡೆಯವರು. ಇಸ್ತ್ರಿ ಮುರಿಯದ ಅಂಗಿ, ಕಪ್ಪು ಕನ್ನಡಕ, ಉರ್ದು ಬೆರೆತ ಸಿಹಿ ಮಾತು. ಬಿಡುವಿದ್ದ ಭಾನುವಾರ ಊರಾಚೆಯ ಹಳೆಯ ವಿಮಾನಪಟ್ಟಿಗೆ ಇಬ್ಬರು ಕೂರುವ ಪುಟ್ಟ ವಿಮಾನ ತಂದು ಇಳಿಸುತ್ತಾರೆ ಎಂದು ನಮ್ಮ ಹೆಡ್‌ಮಾಸ್ತರರು ಪರಿಚಯ ಮಾಡಿಕೊಟ್ಟರು. ಯಾವ ಕೆಲಸಕ್ಕೂ ಅಲ್ಲವಂತೆ, ಸುಮ್ಮನೆ. ದನ ಕಾಯುವವರು ಬೇಸರವಾದರೆ ಎಮ್ಮೆ ಏರಿ ಕೂರುವುದಿಲ್ಲವೇ, ಹಾಗೆ.

ಅವರು ಆಕಾಶದ ಕಾನೂನು ಹೇಳಿದರು. ಆಕಾಶ ಖಾಲಿ ಕಾಣುತ್ತದೆ, ಆದರೆ ಯಾರೂ ಮನಸ್ಸು ಬಂದ ಕಡೆ ನುಗ್ಗುವಂತಿಲ್ಲ. ದೊಡ್ಡ ನಿಲ್ದಾಣದ ಸುತ್ತಲಿನ ಗಾಳಿಗೆ ಹೋಗಬೇಕಾದರೆ ರೇಡಿಯೋದಲ್ಲಿ ಅಪ್ಪಣೆ ಕೇಳಬೇಕು. ಸೈನ್ಯದವರ ಗಾಳಿಗೆ ಕೇಳಿದರೂ ಬಿಡುವುದಿಲ್ಲ. ಊರಿನ ಮೇಲೆ, ಜನ ಸೇರಿದ ಕಡೆ ಇಂತಿಷ್ಟು ಎತ್ತರದ ಕೆಳಗೆ ಇಳಿಯಬಾರದು. ಎದುರುಬದುರು ಬಂದರೆ ಇಬ್ಬರೂ ಬಲಕ್ಕೆ ಹೊರಳಬೇಕು.

"ಡಿಕ್ಕಿ ತಪ್ಪಸಾಕ ಯಂತ್ರ ಇರಂಗಿಲ್ಲೇನ್ರಿ?" ಎಂದು ಗಣಿತದ ಮಾಸ್ತರರು ಕೇಳಿದರು.

"ಹೊರದೇಶದಾಗ ದೊಡ್ಡ ವಿಮಾನಕ್ಕ ಒಂದ್ ಡಬ್ಬಿ ಬರಾಕತ್ತದಂತ್ರಿ, ಸಮೀಪ ಬಂದಾಗ ತಾನ ಹೇಳ್ತದಂತ. ನನ್ನ ವಿಮಾನದಾಗ ಯಂತ್ರ ಅಂದ್ರ ಇವ ಎರಡು ಕಣ್ಣ," ಎಂದು ಅವರು ಕನ್ನಡಕ ತೆಗೆದು ತೋರಿಸಿದರು. ಆಮೇಲೆ ಇನ್ನೊಂದು ನಿಯಮ ಹೇಳಿದರು. ಇಂಜಿನ್ ಇದ್ದ ವಿಮಾನ, ಇಂಜಿನ್ ಇಲ್ಲದೆ ತೇಲುವ ಗ್ಲೈಡರಿಗೆ ದಾರಿ ಬಿಡಬೇಕು. ಗ್ಲೈಡರು ಬಲೂನಿಗೆ ದಾರಿ ಬಿಡಬೇಕು. ಬಲೂನಿಗೆ ಹೊರಳಲು ಬರುವುದಿಲ್ಲ, ಗಾಳಿ ಕರೆದ ಕಡೆ ಹೋಗುತ್ತದೆ, ಅದಕ್ಕೆ. "ಯಾರಿಗಿ ಸರಿಯಾಕ ಬರಂಗಿಲ್ಲೋ ಅವರದು ಪೈಲಾ ಹಕ್ಕು," ಎಂದರು.

ಮಕ್ಕಳು ಚಪ್ಪಾಳೆ ಹೊಡೆದರು. ನನ್ನ ಮೈಯೆಲ್ಲ ಉರಿಯಿತು. ಪಾಪ, ಆ ಮನುಷ್ಯ ನನಗೇನೂ ಮಾಡಿರಲಿಲ್ಲ. ಪ್ರಶ್ನೆ ಇದ್ದರೆ ಕೇಳಿ ಎಂದಾಗ ಹೆಡ್‌ಮಾಸ್ತರರು ನನ್ನ ಕಡೆ ನೋಡಿದರು, ಯಾವಾಗಲೂ ಮೊದಲು ಕೈ ಎತ್ತುವವಳು ನಾನೇ. ಆ ದಿನ ಎತ್ತಲಿಲ್ಲ. ಎತ್ತಿದ್ದರೆ ನಮ್ಮೂರಿನ ಕಾಲುವೆಯಿಂದ ಶುರುಮಾಡಿ ಎಲ್ಲವನ್ನೂ ಹೇಳಬೇಕಾಗುತ್ತಿತ್ತು, ಅತಿಥಿಗೆ ತಂದಿಟ್ಟ ಚಹಾ ಆರಿಹೋಗುತ್ತಿತ್ತು. ಈಗ ಹೇಳುತ್ತೇನೆ.

ಮಾನ್ವಿಯಿಂದ ಬಾಗಲವಾಡದ ಕಡೆ ಹೋಗುವ ಬಸ್ಸಿನ ದಾರಿಯಲ್ಲಿ ನಮ್ಮೂರು. ಹೆಸರು ಬೇಡ. ಹೆಸರು ಹೇಳಿದರೆ ಅದೊಂದೇ ಊರಿನ ಪಾಪ ಅನ್ನಿಸೀತು, ಅಕ್ಕಪಕ್ಕದ ಊರುಗಳೇನು ಗಂಗೆಯಲ್ಲಿ ಮಿಂದು ಕುಳಿತಿರಲಿಲ್ಲ. ಕಾಲುವೆಯ ನೀರು ಬಂದ ಮೇಲೆ ಜೋಳ ಬೆಳೆಯುವ ಎರೆಹೊಲವೆಲ್ಲ ಭತ್ತದ ಗದ್ದೆಯಾಗಿತ್ತು, ಮಾನ್ವಿಯಲ್ಲಿ ಅಕ್ಕಿ ಗಿರಣಿಗಳು ಎದ್ದಿದ್ದವು. ನಮ್ಮಪ್ಪ ಅಂಥದೊಂದು ಗಿರಣಿಯಲ್ಲಿ ಹಮಾಲಿ, ವಾರಕ್ಕೊಮ್ಮೆ ಊರಿಗೆ ಬರುತ್ತಿದ್ದ. ಉಳಿದಂತೆ ಊರ ಗದ್ದೆಗಳಲ್ಲಿ ದುಡಿಯುವ ಆಳುಗಳೆಲ್ಲ ನಮ್ಮ ಕೇರಿಯವರೇ. ನಾಟಿಗೆ ನಮ್ಮ ಕೈ ಬೇಕು, ಕಳೆಗೆ ನಮ್ಮ ಕೈ ಬೇಕು, ಕೊಯ್ಲಿಗೆ ನಮ್ಮ ಕೈ ಬೇಕು. ಆದರೆ ಅದೇ ಕೈ ಹಿಡಿದ ಕೊಡ ಊರ ಬಾವಿಗೆ ಇಳಿಯಬಾರದು, ಇಳಿದರೆ ಬಾವಿ ಮೈಲಿಗೆ. ನಾವು ನೆಟ್ಟು, ನಾವು ಕೊಯ್ದು, ನಾವು ಬಡಿದು ತುಂಬಿದ ಭತ್ತದ ಅನ್ನ ಮಾತ್ರ ಯಾರ ಗಂಟಲಲ್ಲೂ ಮೈಲಿಗೆಯಾಗಿ ಸಿಕ್ಕಿಕೊಂಡದ್ದನ್ನು ನಾನು ಕಾಣೆ.

ಹೀಗಾಗಿ ನಮ್ಮ ನೀರೆಲ್ಲ ಕಾಲುವೆಯದು. ಕೇರಿಯ ಹಿಂದೆ ಒಂದು ಸಣ್ಣ ಕಾಲುವೆ ಹಾಯುತ್ತಿತ್ತು, ತೂಬಿನ ಪಕ್ಕ ಕಲ್ಲು ಹಾಕಿ ಇಳಿಯಲು ಮೆಟ್ಟಿಲು ಮಾಡಿಕೊಂಡಿದ್ದೆವು. ಕುಡಿಯಲು, ಅಡುಗೆಗೆ, ಸ್ನಾನಕ್ಕೆ, ಬಟ್ಟೆಗೆ, ಮೇಕೆ ಕೋಳಿಗೆ ಎಲ್ಲಕ್ಕೂ ಅದೇ. ಕಾಲುವೆಯ ಆಚೆ ದಂಡೆಗೆ ಹತ್ತಿಕೊಂಡೇ ಗೌಡರ ಗದ್ದೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ವರ್ಷ ಭತ್ತಕ್ಕೆ ಜಿಗಿಹುಳ ಬಿತ್ತು. ಭತ್ತದ ಬುಡದಲ್ಲಿ ಕೂತು ರಸ ಹೀರುವ ಸಣ್ಣ ಹುಳ ಅದು. ಹತ್ತಿತೆಂದರೆ ಹಸಿರು ಗದ್ದೆ ಬೆಂಕಿ ತಗುಲಿದಂತೆ ಒಣಗಿ ಕೆಂಪಾಗುತ್ತಿತ್ತು. ಹೆಗಲಿಗೆ ಪಂಪು ಹಾಕಿಕೊಂಡು ಹೊಡೆದರೆ ತೀರುವಂಥದ್ದಲ್ಲ ಎಂದು ಸರಕಾರದವರು ವಿಮಾನ ತರಿಸಿದರು. ಒಬ್ಬನೇ ಕೂರುವ ಹಳದಿ ವಿಮಾನ, ರೆಕ್ಕೆಯ ಕೆಳಗೆ ಉದ್ದಕ್ಕೂ ಕೊಳವೆ. ಮಾನ್ವಿಯಾಚೆ ಬಯಲಿನಲ್ಲಿ ಗರಸು ಹಾಕಿ ಗಟ್ಟಿ ಮಾಡಿದ ಪಟ್ಟಿಯಿಂದ ಎದ್ದು ಬರುತ್ತಿತ್ತು. ಹುಳದ ಔಷಧಿಗೆ ನಮ್ಮ ಕಡೆ ಎಣ್ಣಿ ಎನ್ನುತ್ತಾರೆ. ಅದು ದೀಪದ ಎಣ್ಣೆಯಲ್ಲ, ವಿಷ. ಆದರೂ ಹೆಸರು ಎಣ್ಣಿಯೇ.

ನಾನು ಆಗ ರಾಯಚೂರಿನಲ್ಲಿ ಟೀಚರ್ ತರಬೇತಿಗೆ ಸೇರಿದ್ದೆ, ದಸರಾ ರಜೆಗೆ ಊರಿಗೆ ಬಂದಿದ್ದೆ. ಬರುತ್ತಲೇ ಕಂಡದ್ದು ನಮ್ಮ ಕಾಕಾನ ತಲೆಯ ಮೇಲಿನ ಖಾಕಿ ಟೋಪಿ. ಅಪ್ಪನ ತಮ್ಮ ಈ ಕಾಕಾ. ಊರಿನಲ್ಲಿ ಹಲಗೆ ಬಾರಿಸಿ ಡಂಗುರ ಸಾರುವ ಹಕ್ಕು ಅವನದು, ಹಕ್ಕು ಅನ್ನುವುದಾದರೆ. ವಿಮಾನ ಬಂದ ಮೇಲೆ ಅವನಿಗೆ ಇನ್ನೊಂದು ಕೆಲಸ ಬಂದಿತ್ತು. ಗದ್ದೆಯ ಈ ತುದಿಯಲ್ಲಿ ಒಬ್ಬ, ಆ ತುದಿಯಲ್ಲಿ ಒಬ್ಬ ಬಿಳಿ ಬಾವುಟ ಎತ್ತಿ ನಿಲ್ಲಬೇಕು. ಪೈಲಟ್ ಒಂದು ಬಾವುಟದಿಂದ ಇನ್ನೊಂದಕ್ಕೆ ಗೆರೆ ಹಿಡಿದು, ತಲೆಗೆ ತಾಗುವಷ್ಟು ಕೆಳಗೆ ಹಾರಿ ಎಣ್ಣಿ ಸುರಿಯುತ್ತಾನೆ. ಅವನು ದಾಟಿದ ಕೂಡಲೇ ಇಬ್ಬರೂ ಪಕ್ಕಕ್ಕೆ ಸರಿದು ಮತ್ತೆ ಬಾವುಟ ಎತ್ತಬೇಕು. ಅಕ್ಕಪಕ್ಕದ ಊರುಗಳ ಗದ್ದೆಯಲ್ಲಿ ನಿಂತು ಕಾಕಾ ಸಂಜೆ ಮನೆಗೆ ಬಂದರೆ ಮೈಯೆಲ್ಲ ಎಣ್ಣಿ ನಾರುತ್ತಿತ್ತು, ಕಣ್ಣು ಕೆಂಪಗಿರುತ್ತಿದ್ದವು. ಟೋಪಿ ಕೊಟ್ಟ ಸರಕಾರಕ್ಕೆ ಒಂದು ಕೊಡೆ ಕೊಡಬೇಕೆಂದು ಹೊಳೆದಿರಲಿಲ್ಲ.

ಇನ್ನೊಂದು ಬಣ್ಣವೂ ಇತ್ತು, ಕೆಂಪು. ಮೇಲಿನಿಂದ ನೋಡುವವನಿಗೆ ಕರೆಂಟಿನ ತಂತಿ ಕಾಣುವುದೇ ಇಲ್ಲವಂತೆ. ಹಾಗಾಗಿ ಹಿಂದಿನ ದಿನವೇ ಕಾಕಾ ತಿರುಗಾಡಿ ತಂತಿ ಹಾಯ್ದಲ್ಲಿ, ಕಂಬಕ್ಕೆ, ಎತ್ತರದ ಮರಕ್ಕೆ ಕೆಂಪು ಬಟ್ಟೆ ಕಟ್ಟಿ ಬರಬೇಕು. ಕೆಂಪು ಕಂಡಲ್ಲಿ ಪೈಲಟ್ ಕೆಳಗೆ ಇಳಿಯುವಂತಿಲ್ಲ. "ಕೆಂಪ ಅಂದ್ರ ಅಂವಗ ದೇವ್ರಾಣಿ ಇದ್ದಂಗ," ಎಂದು ಕಾಕಾ ಹೆಮ್ಮೆಯಿಂದ ಹೇಳಿದ. ಅವ್ವ ರೊಟ್ಟಿ ಬಡಿಯುತ್ತ ಎಲ್ಲ ಕೇಳಿಸಿಕೊಂಡಳು.

ವಿಮಾನ ನಮ್ಮೂರಿಗೆ ಬರುವ ಹಿಂದಿನ ದಿನ ಕಾಕಾ ಡಂಗುರ ಹೊಡೆದ. ಊರ ಬಾಗಿಲು ಅಗಸಿಯಿಂದ ಶುರು, ಗುಡಿಯ ಮುಂದೆ, ಗೌಡರ ಕಟ್ಟೆಯ ಮುಂದೆ, ಅಂಗಡಿಯ ಮುಂದೆ. "ನಾಳಿ ಮುಂಜಾನಿ ಇಮಾನ ಬರ್ತದ, ಎಣ್ಣಿ ಹೊಡೀತದ, ಬಾವಿ ಮುಚ್ಚರೆಪ್ಪೋ, ದನ ಕಟ್ಟರೆಪ್ಪೋ, ಮೇವ ಮುಚ್ಚರೆಪ್ಪೋ." ಊರ ಬಾವಿಗೆ ತಾಡಪಾಲು ಹೊದಿಸಿ ಸುತ್ತ ಕಲ್ಲಿಟ್ಟರು. ಗೌಡರ ಎತ್ತುಗಳನ್ನು ಕೊಟ್ಟಿಗೆಗೆ ಒಯ್ದು ಕಟ್ಟಿದರು. ಮೇವಿನ ಬಣವೆಗೂ ಹೊದಿಕೆ ಬಂತು. ಸಾರುವುದು ಮುಗಿಸಿ ಕಾಕಾ ಮನೆಗೆ ಬಂದು, ಹಲಗೆಯನ್ನು ಗೂಟಕ್ಕೆ ತೂಗುಹಾಕಿ, ಉಂಡು ಮಲಗಿದ.

ಕೇರಿಗೆ ಸಾರಲಿಲ್ಲ. ಮರೆತಿದ್ದಲ್ಲ, ಕೇರಿಗೆ ಸಾರುವ ಪದ್ಧತಿಯೇ ಇರಲಿಲ್ಲ. ಡಂಗುರ ಊರಿನದು, ಕೇರಿ ಊರಲ್ಲ. ಹಲಗೆ ಬಾರಿಸುವವನು ತನ್ನವರ ಮುಂದೆ ನಿಂತು ಸಾರಿದ್ದನ್ನು ನಮ್ಮಜ್ಜನ ಕಾಲದಿಂದ ಯಾರೂ ಕಂಡಿರಲಿಲ್ಲ. ಮೇಲಾಗಿ, ಏನಂತ ಸಾರಬೇಕು? ಬಾವಿ ಮುಚ್ಚಿ ಎನ್ನಲು ನಮಗೆ ಬಾವಿಯಿಲ್ಲ. ದನ ಕಟ್ಟಿ ಎನ್ನಲು ದನವಿಲ್ಲ. ಗಂಟಲು ಹರಿಯುವ ಹಾಗೆ ಊರಿಗೆಲ್ಲ ನೀರು ಕಾಯ್ದುಕೊಳ್ಳಿ ಎಂದು ಕೂಗಿದ ಕಾಕಾಗೆ, ತಾನು ಕುಡಿಯುವುದೂ ನೀರೇ ಎಂಬುದು ಹೊಳೆಯಲಿಲ್ಲ.

ಮರುದಿನ ಮುಂಜಾನೆ ಕೇರಿಯ ಹೆಂಗಸರೆಲ್ಲ ಎಂದಿನಂತೆ ತೂಬಿನ ಹತ್ತಿರ ಇದ್ದೆವು. ಕೆಲವರು ಕೊಡ ತುಂಬುತ್ತಿದ್ದರು, ಕೆಲವರು ಬಟ್ಟೆ ಒಗೆಯುತ್ತಿದ್ದರು. ನಾನು ಅವ್ವನ ತಲೆಗೆ ಕೊಡ ಎತ್ತುತ್ತಿದ್ದೆ. ಗೌಡರ ಗದ್ದೆಯ ತುದಿಯಿಂದ ಹಳದಿ ವಿಮಾನ ಬಂತು. ಅದು ಮೊದಲು ಬಂದದ್ದು ಸದ್ದಾಗಿ, ಆಮೇಲೆ ನೆರಳಾಗಿ. ಎಲ್ಲರೂ ಮುಖ ಮೇಲೆತ್ತಿ ನೋಡಿದೆವು, ಯಾರು ತಾನೇ ನೋಡುವುದಿಲ್ಲ? ಮೇಲೆತ್ತಿದ ಮುಖದ ಮೇಲೆಯೇ ಎಣ್ಣಿ ಬಿತ್ತು. ಮಂಜಿನಂತೆ ತಣ್ಣಗೆ ಇಳಿದು ಕಣ್ಣಿಗೆ ಕಾರ ಹಾಕಿದಂತೆ ಉರಿಯಿತು. ತುಂಬಿದ ಕೊಡಗಳ ಮೇಲೆ ಬಣ್ಣಬಣ್ಣದ ಪೊರೆ ಕಟ್ಟಿತು.

ಸ್ವಲ್ಪ ಹೊತ್ತಿಗೆ ಕಾಲುವೆಯಲ್ಲಿ ಮೀನು ಬೆಳ್ಳಗೆ ಹೊಟ್ಟೆ ಮೇಲೆ ಮಾಡಿ ತೇಲಿದವು. ಹಸಿದವರಿಗೆ ಅದು ಪುಕ್ಕಟೆ ಸುಗ್ಗಿ. ನಮ್ಮ ಓಣಿಯ ಒಬ್ಬ ಮುದುಕಿ ಮಡಿಲು ತುಂಬ ಆರಿಸಿ ಒಯ್ದು ಸಾರು ಮಾಡಿದಳು. ಅವ್ವ ಮೂಸಿ ನೋಡಿ, ಬ್ಯಾಡಬೇ ಯವ್ವಾ, ಎಣ್ಣಿ ನಾರ್ತದ, ಎಂದು ಹೇಳಿ ಬಂದಿದ್ದಳು. ಮುದುಕಿ ಕೇಳಲಿಲ್ಲ. ಸಂಜೆಯ ಹೊತ್ತಿಗೆ ಅವಳನ್ನು ಬೇಡಿ ತಂದ ಬಂಡಿಯಲ್ಲಿ ಹಾಕಿಕೊಂಡು ಮಾನ್ವಿ ಆಸ್ಪತ್ರೆಗೆ ಒಯ್ದರು. ಬದುಕಿ ಬಂದಳು, ಆದರೆ ಮೊದಲಿನ ಹಾಗೆ ಎದ್ದು ಓಡಾಡಲಿಲ್ಲ.

ಆ ಹೆದರಿಕೆ ನನ್ನನ್ನು ಬಿಟ್ಟೇ ಇಲ್ಲ. ಮುಂದೆ ನನಗೆ ಮೊದಲ ನೌಕರಿ ಸಿಕ್ಕಿದ್ದು ದೇವದುರ್ಗದಲ್ಲಿ, ಅವ್ವನ ತವರಿನ ಕಡೆ. ಅಲ್ಲಿ ಆಗ ಜೋಳ, ಹತ್ತಿ, ಬಿಸಿಲು. ಎಣ್ಣಿ ಹೊಡೆಯುವ ವಿಮಾನದ ಗೊಡವೆಯಿಲ್ಲ. ಒಂದು ದಿನ ಯಾವುದೋ ವಿಮಾನ ಬಹಳ ಎತ್ತರದಲ್ಲಿ ಹಾಯ್ದುಹೋಯಿತು. ಮಕ್ಕಳು ನೋಡಲು ಹೊರಗೋಡಿದರೆ ನಾನು ಕಿರುಚಿ ಒಳಗೆ ಕರೆದು ಕಿಟಕಿ ಬಾಗಿಲು ಹಾಕಿಸಿದೆ. ಜೊತೆಯ ಮಾಸ್ತರರು, ಏನ್ರಿ ಟೀಚರ, ಬಾಂಬ್ ಬೀಳ್ತದೇನು, ಎಂದು ನಕ್ಕರು. ಅವರ ಊರ ಬಾವಿಯಲ್ಲಿ ಅವರ ಕೊಡ ಇಳಿಯುತ್ತಿತ್ತು, ನಗಲು ಅಡ್ಡಿಯಿರಲಿಲ್ಲ.

ಮತ್ತೆ ನಮ್ಮೂರಿಗೆ ಬರುತ್ತೇನೆ. ಮುದುಕಿಯನ್ನು ಆಸ್ಪತ್ರೆಗೆ ಕಳಿಸಿದ ಮರುದಿನ ಅವ್ವ, ನಾನು, ಕೇರಿಯ ಇನ್ನಷ್ಟು ಹೆಂಗಸರು ಚಾವಡಿಗೆ ಹೋದೆವು. ಕಟ್ಟೆಯ ಮೇಲೆ ಗೌಡರಿದ್ದರು, ಎಣ್ಣಿ ಹೊಡೆಸುವ ಕೆಲಸದ ಸಾಹೇಬರೂ ಇದ್ದರು. ನಾವು ಕೆಳಗೆ ನಿಂತೆವು. ಅವ್ವ ನಡೆದದ್ದನ್ನು ಹೇಳಿದಳು.

"ಡಂಗುರ ಹೊಡೆಸೀವಲ್ಲ," ಎಂದರು ಸಾಹೇಬರು. "ನಿಯಮ ಏನದ, ಊರಾಗ ಸಾರಿಸಬೇಕು, ಬಾವಿ ಮುಚ್ಚಿಸಬೇಕು. ಎರಡೂ ಮಾಡೀವಿ. ಕಾಲುವಿಗಿ ಮುಚ್ಚಳ ಎಲ್ಲಿಂದ ತರೂಣು?"

"ಕಾಲುವಿ ಮ್ಯಾಲ ಬರಬ್ಯಾಡ ಅಂತ ಅಂವಗ ಹೇಳ್ರಿ," ಎಂದಳು ಅವ್ವ.

"ಹಂಗ ಹೇಳಾಕ ಬರಂಗಿಲ್ಲಮ್ಮ. ಎಣ್ಣಿ ಹೊಡಿಯೋ ವಿಮಾನಕ್ಕ ಕೆಳಗ ಹಾರಾಕ ಪರವಾನಗಿ ಅದ. ಕಂಬ, ತಂತಿ, ಗಿಡ ಇದ್ರ ಮಾತ್ರ ಅಂವ ಬಿಟ್ಟು ಹೋಗ್ತಾನ."

"ಮನಷ್ಯಾರಿದ್ರ?" ಎಂದು ನಾನು ಕೇಳಿದೆ.

"ಮನಷ್ಯಾರ ಸರೀತಾರಲ್ಲ," ಎಂದರು ಸಾಹೇಬರು. ಹುಡುಗಿಗೆ ಇಷ್ಟೂ ತಿಳಿಯುವುದಿಲ್ಲವೇ ಎಂಬಂತೆ ನಕ್ಕರು. ಗೌಡರು ಎಲೆ ಮಡಿಚುತ್ತ, "ಹರಿಯೋ ನೀರು ತಂಗಿ. ವಿಷ ಹರಕೊಂಡ ಹೋಗ್ತದ. ಸಂಜಿಕ ತುಂಬಕೋರಿ," ಎಂದರು. ಹರಿಯುವ ನೀರಿಗೆ ವಿಷ ತಟ್ಟುವುದಿಲ್ಲವಂತೆ, ನಿಂತ ನೀರಿಗೆ ನಮ್ಮ ಕೊಡ ತಟ್ಟಿದರೆ ಕೆಡುತ್ತದಂತೆ. ಇದು ಯಾವ ವಿಜ್ಞಾನ ಎಂದು ಕೇಳಬೇಕೆನಿಸಿತು. ಅವ್ವ ನನ್ನ ಕೈ ಹಿಡಿದು ಎಳೆದುಕೊಂಡು ಬಂದಳು.

ಮನೆಗೆ ಬಂದವಳೇ ಕಾಕಾನನ್ನು ತರಾಟೆಗೆ ತೆಗೆದುಕೊಂಡಳು. "ಊರಿಗೆಲ್ಲ ಸಾರಿದಿ, ನಿನ್ನ ಮನಿಗಿ ಸಾರಲಿಲ್ಲ. ಹಲಗಿ ಹಿಡಿಯೋ ಕೈಗಿ ತಲಿ ಇರಂಗಿಲ್ಲೇನು?" ಕಾಕಾ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಕೂತ. ಅವ್ವ ಮುಂದುವರಿದು ಕೇಳಿದಳು, "ಕೆಂಪ ಕಂಡ್ರ ಅಂವ ಖರೇನ ಇಳಿಯಂಗಿಲ್ಲ?"

"ಇಳಿಯಂಗಿಲ್ಲ ವೈನಿ. ತಂತಿಗಿ ಸಿಕ್ರ ಸಾಯ್ತಾನ."

ಎಣ್ಣಿಯನ್ನು ಒಂದೇ ಸಲ ಹೊಡೆದರೆ ಹುಳ ಸಾಯುವುದಿಲ್ಲ, ಕೆಲ ದಿನ ಬಿಟ್ಟು ಮತ್ತೊಮ್ಮೆ ಹೊಡೆಯಬೇಕು. ಆ ಎರಡನೆಯ ಸಲಕ್ಕೆ ಮುಂಚೆ ಅವ್ವ ಕೇರಿಯ ಮನೆಮನೆಗೆ ಹೋಗಿ ಕೆಂಪು ಬಟ್ಟೆ ಕೇಳಿದಳು. ಬಡವರ ಮನೆಯಲ್ಲಿ ಬಟ್ಟೆ ಪೆಟ್ಟಿಗೆಯಲ್ಲಿರುವುದಿಲ್ಲ, ಕೌದಿಯಲ್ಲಿರುತ್ತದೆ. ಹಳೆ ಸೀರೆ, ಹಳೆ ಕುಪ್ಪಸ ಎಲ್ಲ ತುಂಡಾಗಿ ಹೊದೆಯುವ ಕೌದಿಯೊಳಗೇ ಸೇರಿರುತ್ತದೆ. ಹೆಂಗಸರು ಅಂಗಳದಲ್ಲಿ ಕೌದಿ ಹಾಸಿ ಕೂತು, ಕೆಂಪು ತುಂಡುಗಳನ್ನಷ್ಟೇ ಹೊಲಿಗೆ ಬಿಚ್ಚಿ ತೆಗೆದರು. ನಾನೂ ಬಿಚ್ಚಿದೆ. ಜಾಲಿಯ ಕೋಲಿಗೆ ಕಟ್ಟಿ ಕಾಲುವೆಯ ದಂಡೆಯುದ್ದಕ್ಕೂ, ಕೇರಿ ಶುರುವಾಗುವಲ್ಲಿಂದ ಮುಗಿಯುವವರೆಗೆ, ನೆಟ್ಟೆವು. ಕಾಕಾ ತಾನೇ ಮುಂದೆ ನಿಂತು ಕೋಲು ಬಡಿದು ಇಳಿಸಿದ, ಸರಕಾರದ ಟೋಪಿ ಹಾಕಿಕೊಂಡೇ.

ವಿಮಾನ ಬಂತು. ನಾವು ಮನೆಗಳ ಹಿಂದೆ ನಿಂತು ನೋಡುತ್ತಿದ್ದೆವು. ಕಾಲುವೆಯ ಸಮೀಪ ಬಂದದ್ದೇ ತಡ, ಬಾರುಕೋಲು ಕಂಡ ಹೋರಿಯ ಹಾಗೆ ಮೂತಿ ಎತ್ತಿತು. ಸುತ್ತು ಹಾಕಿ ಇನ್ನೊಂದು ಕಡೆಯಿಂದ ಬಂದು ನೋಡಿತು. ಅಲ್ಲೂ ಕೆಂಪು. ಹೊಸ ತಂತಿ ಎಲ್ಲೆಲ್ಲಿ ಬಂದಿದೆಯೋ ಎಂದು ಹೆದರಿತೋ ಏನೋ, ಒಂದು ಹನಿ ಸುರಿಯದೆ ಮಾನ್ವಿಯ ದಾರಿ ಹಿಡಿಯಿತು. ನಮ್ಮ ಕೇರಿಯ ಹೆಂಗಸರು ಅಂದು ನಕ್ಕ ಹಾಗೆ ನಕ್ಕದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ನನಗೆ ಮಾತ್ರ ನಗು ಬರಲಿಲ್ಲ. ಅಷ್ಟು ಜನ ಚಾವಡಿಗೆ ಹೋಗಿ ಬಾಯಿ ಬಿಟ್ಟು ಬೇಡಿದ್ದಕ್ಕೆ ಇಲ್ಲದ ಬೆಲೆ, ಕೌದಿಯಿಂದ ಕಿತ್ತ ಒಂದು ಚಿಂದಿಗೆ ಇತ್ತು.

ಮಧ್ಯಾಹ್ನಕ್ಕೆ ಜೀಪು ಬಂತು. ಸಾಹೇಬರು ಇಳಿದರು, ಪೈಲಟ್ ಇಳಿದ, ಗೌಡರೂ ಊರಿನ ನಾಲ್ಕು ಮಂದಿಯೂ ಆಚೆ ದಂಡೆಗೆ ಬಂದು ನಿಂತರು. ಈಚೆ ನಾವು, ನಡುವೆ ಕಾಲುವೆ.

"ಎಲ್ಲಿ ಅದ ಕಂಬ? ಎಲ್ಲಿ ಅದ ತಂತಿ?" ಎಂದರು ಸಾಹೇಬರು.

"ಕಂಬ ಇಲ್ಲರೀ ಸಾಹೇಬ್ರ. ನಾವು ಅದೀವಿ," ಎಂದಳು ಅವ್ವ.

ಸಾಹೇಬರು ಕೆಂಡವಾದರು. ಸುಳ್ಳು ಗುರುತು ಹಾಕುವುದು ದೊಡ್ಡ ಅಪರಾಧ, ಪೊಲೀಸರನ್ನು ಕರೆಸುತ್ತೇನೆ, ಎಲ್ಲರನ್ನೂ ಒಳಗೆ ಹಾಕಿಸುತ್ತೇನೆ ಎಂದರು. ಕಾಕಾನ ಕಡೆ ತಿರುಗಿ, ಕಿತ್ತು ಹಾಕು ಎಂದರು. ಕಾಕಾ ಟೋಪಿ ತೆಗೆದು ಕೈಯಲ್ಲಿ ಹಿಡಿದ. "ಕೀಳ್ತೀನ್ರೀ. ಆದ್ರ ಇನ್ನಮ್ಯಾಲ ಬಿಳಿ ಬಾವುಟಾನೂ ನಾವ್ಯಾರೂ ಹಿಡಿಯಂಗಿಲ್ರಿ," ಎಂದ. ಬಾವುಟ ಹಿಡಿಯುವವರಿಲ್ಲದೆ ಪೈಲಟ್ ಗೆರೆ ಹಿಡಿಯುವುದು ಹೇಗೆ? ಆ ಎಣ್ಣಿಯ ಕೆಳಗೆ ನಿಲ್ಲಲು ಊರಿನ ಇನ್ನಾವ ಮನೆಯಿಂದ ಗಂಡಸು ಬರುತ್ತಿದ್ದ? ಪೈಲಟ್ ಹಿಂದಿಯಲ್ಲಿ ಏನೋ ಹೇಳಿದ. ಕೆಂಪು ಇರುವವರೆಗೆ ತಾನು ಇಳಿಯುವುದಿಲ್ಲ, ಕಲಸಿದ ಔಷಧಿ ನಾಳೆಗೆ ಉಳಿಯುವುದಿಲ್ಲ, ಏನಾದರೂ ಒಂದು ಬೇಗ ಹೇಳಿ ಎಂದನಂತೆ.

ಆಗ ಸಾಹೇಬರಿಗೆ ಒಂದು ಉಪಾಯ ಹೊಳೆಯಿತು. ಬೇರೆ ಜಿಲ್ಲೆಯಿಂದ ವರ್ಗವಾಗಿ ಬಂದವರು, ಊರಿನ ಒಳಸುಳಿ ತಿಳಿದಿರಲಿಲ್ಲವೋ, ಅವಸರದಲ್ಲಿ ಮರೆತರೋ. "ಇಷ್ಟ್ಯಾಕ ತಕರಾರು? ಊರ ಬಾವಿ ಮುಚ್ಚೇ ಅದ, ನೀರು ಚೊಲೋ ಅದ. ಎಣ್ಣಿ ಹೊಡಿಯೋ ದಿನದಾಗ ಇವ್ರು ಬಾವಿ ನೀರು ತುಂಬಕೊಳ್ಳಲಿ. ಮುಗೀತಲ್ಲ?"

ನಾವೆಲ್ಲ ಗೌಡರ ಮುಖ ನೋಡಿದೆವು. ಅವ್ವ ಕೆಳಗಿಟ್ಟಿದ್ದ ಕೊಡವನ್ನು ಯಾವಾಗ ಸೊಂಟಕ್ಕೆ ಎತ್ತಿಕೊಂಡಿದ್ದಳೋ ನನಗೆ ತಿಳಿಯಲಿಲ್ಲ. ಒಂದು ಹುಳದ ದೆಸೆಯಿಂದ ಬಾವಿ ನಮ್ಮದಾಗುತ್ತದೆ, ಒಮ್ಮೆ ಇಳಿದ ಕೊಡವನ್ನು ಆಮೇಲೆ ಯಾರು ತಡೆಯುತ್ತಾರೆ ಎಂದು ಆಸೆ ಹುಟ್ಟಿತ್ತು.

ಗೌಡರು ತಮ್ಮ ಗದ್ದೆ ನೋಡಿದರು. ಬುಡದಲ್ಲಿ ಹುಳ ಕಪ್ಪಗೆ ಕೂತದ್ದು ಅವರಿಗೂ ಕಾಣುತ್ತಿತ್ತು. ಪಕ್ಕದವರ ಮುಖ ನೋಡಿದರು. ಆಮೇಲೆ ನಿಧಾನವಾಗಿ ಹೇಳಿದರು, "ಬಾವಿ ಮಾತು ಬ್ಯಾಡ ಬಿಡ್ರಿ ಸಾಹೇಬ್ರ. ಕಾಲುವಿ ದಂಡಿ ಪಟ್ಟಿ ನಂದ ಅದ. ಅದನ್ನ ಬಿಟ್ಟು ಹೊಡೀರಿ. ವಿಮಾನ ಈ ಕಡಿ ಬರೂದ ಬ್ಯಾಡ."

"ಗೌಡ್ರ, ಇಲ್ಲೇ ಹುಳ ಭಾಳ ಅದಾವ್ರಿ. ಹೊಡೀಲಿಲ್ಲಂದ್ರ ಪೂರಾ ಹೋಗ್ತದ."

"ಹೋದ್ರ ಹೋಗ್ಲಿ."

ಅಷ್ಟೇ. ಕೆಂಪು ಬಟ್ಟೆಗೆ ಪೊಲೀಸರ ಹೆಸರು ಹೇಳಿದ ಸಾಹೇಬರು ಬಾವಿಯ ಮಾತಿಗೆ ಯಾವ ಪೊಲೀಸರನ್ನೂ ಕರೆಯಲಿಲ್ಲ. ಅದಕ್ಕೂ ಕಾನೂನು ಇತ್ತು, ನಾನು ತರಬೇತಿಯಲ್ಲಿ ಓದಿದ್ದೆ, ಅವರೂ ಓದಿಯೇ ಸಾಹೇಬರಾದವರು. ತಲೆ ತಗ್ಗಿಸಿ, ಹಾಗೇ ಆಗಲಿ, ಎಂದು ಜೀಪು ಹತ್ತಿದರು. ಹತ್ತುವ ಮುಂಚೆ ಕಾಕಾಗೆ, ಕೆಂಪು ಬಾವುಟ ಇರಲಿ, ತೆಗೆಯಬೇಡ, ಎಂದರು. ಊರಿನವರು ಸಮಾಧಾನದಿಂದ ತಿರುಗಿ ನಡೆದರು. ಕೇರಿಯವರು ಗೆದ್ದೆವೆಂದು ಕುಣಿದಾಡಿದರು. ನೀರು ಉಳಿದಿತ್ತಲ್ಲ, ಅದೇನು ಸಣ್ಣ ಗೆಲುವಲ್ಲ. ಆದರೆ ಅವ್ವ ಕೊಡವನ್ನು ಸೊಂಟದಿಂದ ಇಳಿಸಿ ಕೆಳಗಿಟ್ಟದ್ದನ್ನು ನಾನು ನೋಡಿದೆ. ಆಕಾಶ ಕೇಳಿದರೆ ಆಕಾಶ ಕೊಟ್ಟರು. ಆ ಆಕಾಶವೂ ಅವರದೇನಾಗಿರಲಿಲ್ಲ, ಕೊಡಲು ಏನು ಕಷ್ಟ?

ಅದೇ ಸಂಜೆ ವಿಮಾನ ಮತ್ತೆ ಬಂದು ಊರಿನ ಗದ್ದೆಗಳಿಗೆಲ್ಲ ಎಣ್ಣಿ ಹೊಡೆಯಿತು, ನಮ್ಮ ಕಾಲುವೆಯನ್ನು ಬಿಟ್ಟು. ಹುಳ ಉಳಿದದ್ದು ದಂಡೆಯ ಪಟ್ಟಿಯೊಂದರಲ್ಲೇ. ನಾನು ರಜೆ ಮುಗಿಸಿ ರಾಯಚೂರಿಗೆ ಹೋಗಿ, ದೀಪಾವಳಿಗೆ ಮತ್ತೆ ಬಂದಾಗ ಆ ಪಟ್ಟಿ ಸುಟ್ಟು ನಿಂತಿತ್ತು. ಸುತ್ತ ಕಣ್ಣು ತುಂಬುವ ಹಸಿರು, ನಮ್ಮ ಕೇರಿಯ ಉದ್ದಕ್ಕೆ ಮಾತ್ರ ಒಣಗಿದ ಕೆಂಪು. ಬಸ್ಸಿನ ಕಿಟಕಿಯಿಂದಲೇ ಕಾಣುತ್ತಿತ್ತು. ಭತ್ತದ ಮೇಲೆ ಪ್ರಾಣ ಇಟ್ಟಿದ್ದ ಮನುಷ್ಯ ಅಷ್ಟು ಬೆಳೆಯನ್ನು ಕಣ್ಣೆದುರೇ ಒಣಗಲು ಬಿಟ್ಟಿದ್ದರು, ನಮ್ಮ ಹಗ್ಗ ಬಾವಿಯ ರಾಟೆ ಹತ್ತಬಾರದೆಂದು. ಬಡತನವಲ್ಲ, ತಿಳಿಗೇಡಿತನವಲ್ಲ, ಲೆಕ್ಕ ಹಾಕಿ ಒಪ್ಪಿಕೊಂಡ ನಷ್ಟ ಅದು. ಇಂದಿಗೂ ನೆನೆದರೆ ಹಲ್ಲು ಕಚ್ಚಿಕೊಳ್ಳುತ್ತೇನೆ.

ಆ ರಜೆಯಲ್ಲೇ ಒಂದು ಬೆಳಗ್ಗೆ ಗೌಡರ ಮನೆಯ ಆಳು ಕೇರಿಗೆ ಬಂದ. ಸುಟ್ಟ ಪಟ್ಟಿಯ ಹುಲ್ಲಾದರೂ ಎತ್ತಿಗೆ ಆದೀತು, ಕೊಯ್ಯಲು ಹೆಂಗಸರನ್ನು ಕಳಿಸಬೇಕಂತೆ ಎಂದ. ಅವ್ವ ಅಂಗಳದಲ್ಲಿ ಕೌದಿಗೆ ತೇಪೆ ಹಾಕುತ್ತಿದ್ದಳು, ಕೆಂಪು ತುಂಡು ಕಿತ್ತಲ್ಲಿ ಬೇರೆ ಬಟ್ಟೆ ಇಟ್ಟು. ಸೂಜಿಯಿಂದ ಕಣ್ಣು ತೆಗೆಯಲಿಲ್ಲ.

"ಬರ್ತೀವಿ," ಎಂದಳು. "ಕೊಯ್ಯುವಾಗ ನೀರಡಿಕಿ ಆಗ್ತದ. ಎಲ್ಲಿ ನೀರು ಕೊಡ್ತಾರ ಅಂತ ಗೌಡರಿಗಿ ಕೇಳ್ಕೊಂಡ ಬಾ."

ಅವನು ಕೇಳಿಕೊಂಡು ಬರಲು ಹೋದ. ಅವ್ವ ದಾರ ಕಡಿದು ಇನ್ನೊಂದು ತೇಪೆ ತೆಗೆದುಕೊಂಡಳು. ಆಳು ಉತ್ತರ ತರಲಿಲ್ಲ, ಆ ಹುಲ್ಲು ಸುಗ್ಗಿ ಮುಗಿಯುವವರೆಗೂ ಗದ್ದೆಯಲ್ಲೇ ನಿಂತಿತ್ತು.